ರಾಜನ ಜಿಗಿತ

ಕೇಳುಗರಿಗೆ ನಮಸ್ಕಾರ.

ಮದ್ದೂರಿನ ಹತ್ತಿರ ನಮ್ಮೂರು. ಅಲ್ಲಿ ಈಶ್ವರನ ಗುಡಿ ಜಗಲಿಯ ಒಂದು ಚಪ್ಪಡಿಯಲ್ಲಿ ಅರವತ್ನಾಲ್ಕು ಮನೆಯ ಮಣೆ ಕೆತ್ತಿದ್ದಾರೆ. ಕಪ್ಪು ಬಿಳುಪು ಇಲ್ಲ, ಬರೀ ಗೆರೆ. ನನ್ನ ತಾತ ನನಗೆ ಚದುರಂಗ ಕಲಿಸಿದ್ದು ಅದರ ಮೇಲೇ. "ಶಹ ಬೀಳೋಕ್ ಮುಂಚೆ ರಾಜನ್ನ ಒಂದೇ ಒಂದ್ಸಲ ಕುದ್ರೆ ತರ ಎಗರಿಸ್ಬೋದು ಕಣ್ಲಾ" ಅನ್ನೋರು. ಶಹ ಅಂದರೆ ಎದುರಾಳಿಯ ಕಾಯಿ ರಾಜನ ಮೇಲೆ ನೇರ ದಾಳಿಗೆ ನಿಲ್ಲುವುದು. ಸೈನಿಕನಿಗೆ ಮೊದಲ ನಡೆಯಲ್ಲೂ ಒಂದೇ ಮನೆ. ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವ ಕ್ಯಾಸ್ಲಿಂಗ್ ಎಂಬ ಹೆಸರೇ ನಾವು ಕೇಳಿರಲಿಲ್ಲ.

ಹನ್ನೊಂದನೇ ವಯಸ್ಸಿನಲ್ಲಿ ಮೈಸೂರಿಗೆ ಟೂರ್ನಿ ಆಡಲು ಬಂದೆ. ಮೊದಲ ಆಟದಲ್ಲೇ ರಾಜನನ್ನು ಎಗರಿಸಿದೆ. ಎದುರಿನ ಹುಡುಗ ಕೈ ಎತ್ತಿದ. ತೀರ್ಪುಗಾರರು ಬಂದು ನನ್ನ ರಾಜನನ್ನು ಹಿಂದಿನ ಮನೆಗೇ ಇಟ್ಟು, "ಈ ನಡೆ ಇಲ್ಲ ಮರಿ" ಅಂದರು. ಸೋತದ್ದಕ್ಕಿಂತ, ತಾತ ತಪ್ಪು ಕಲಿಸಿಬಿಟ್ಟರೇನೋ ಎಂಬ ಸಂಕಟವೇ ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಕೊರೆಯುತ್ತಿತ್ತು.

ತಾತ ತಪ್ಪು ಕಲಿಸಿರಲಿಲ್ಲ. ಈ ದೇಶದಲ್ಲಿ ತಲೆತಲಾಂತರದಿಂದ ಆಡಿಕೊಂಡು ಬಂದದ್ದೇ ಹಾಗೆ, ಸೀಮೆಗೊಂದು ಕಟ್ಟಳೆ. 1928ರಲ್ಲಿ ಅಖಿಲ ಭಾರತ ಚಾಂಪಿಯನ್ ಆದ ಸುಲ್ತಾನ್ ಖಾನ್ ಕೂಡ ಮೊದಲು ಕಲಿತದ್ದು ದೇಸೀ ಆಟವನ್ನೇ. ಆಮೇಲೆ ಅವರು ಇಂಗ್ಲೆಂಡಿಗೆ ಹೋಗಿ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು.

ಅಖಿಲ ಭಾರತ ಚೆಸ್ ಫೆಡರೇಷನ್ ಹುಟ್ಟಿದ್ದು 1951ರಲ್ಲಿ. ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ 1955ರಲ್ಲಿ ಆಂಧ್ರದ ಏಲೂರಿನಲ್ಲಿ ನಡೆಯಿತು. ರಾಮಚಂದ್ರ ಸಪ್ರೆ ಮತ್ತು ಡಿ. ವೆಂಕಯ್ಯ ಪಟ್ಟವನ್ನು ಹಂಚಿಕೊಂಡರು. ಆದರೆ ಈ ಚರಿತ್ರೆಯಲ್ಲಿ ನಾನು ಎಲ್ಲರಿಗಿಂತ ಮುಂದೆ ಇಡುವ ಹೆಸರು ಮ್ಯಾನುಯೆಲ್ ಆರನ್ ಅವರದು. 1959ರಿಂದ 1981ರವರೆಗೆ ಒಂಬತ್ತು ಸಲ ರಾಷ್ಟ್ರೀಯ ಚಾಂಪಿಯನ್. 1961ರಲ್ಲಿ ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್, ಅಂದರೆ ಗ್ರ್ಯಾಂಡ್‌ಮಾಸ್ಟರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಬಿರುದು. ದೇಸೀ ಕಟ್ಟಳೆಯಲ್ಲಿ ಮುಳುಗಿದ್ದ ನಾಡಿಗೆ ಅಂತರರಾಷ್ಟ್ರೀಯ ನಿಯಮವನ್ನು ಒಗ್ಗಿಸಿದವರಲ್ಲಿ ಮೊದಲಿಗರು ಅವರು. 1972ರಲ್ಲಿ ಮದರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ಅವರು ಕಟ್ಟಿದ ತಾಲ್ ಚೆಸ್ ಕ್ಲಬ್ಬಿನಲ್ಲೇ ಮುಂದೆ ಬಾಲಕ ವಿಶ್ವನಾಥನ್ ಆನಂದ್ ಕೈ ಪಳಗಿಸಿಕೊಂಡದ್ದು. ಆನಂದ್ 1986ರಲ್ಲಿ, ಹದಿನಾರನೇ ವಯಸ್ಸಿಗೇ ರಾಷ್ಟ್ರೀಯ ಚಾಂಪಿಯನ್ ಆದರು. ಮುಂದಿನ ಎರಡು ವರ್ಷವೂ ಪಟ್ಟ ಅವರದೇ.

ಹೆಣ್ಣುಮಕ್ಕಳ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, 1974ರಲ್ಲಿ. ಗೆದ್ದವರು ಮುಂಬೈಯ ವಾಸಂತಿ ಖಾಡಿಲ್ಕರ್. ಮುಂದೆ ಹತ್ತು ವರ್ಷ ಆ ಪಟ್ಟ ವಾಸಂತಿ, ಜಯಶ್ರೀ, ರೋಹಿಣಿ ಎಂಬ ಮೂವರು ಅಕ್ಕತಂಗಿಯರ ಮನೆ ಬಿಟ್ಟು ಹೊರಗೆ ಹೋಗಲೇ ಇಲ್ಲ. ಕಿರಿಯವಳು ರೋಹಿಣಿ 1976ರಲ್ಲಿ ಗಂಡಸರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೇ ಇಳಿದಳು. ಆಗ ಅವಳಿಗೆ ಹದಿಮೂರು. ಹುಡುಗಿ ಆಡಬಾರದು ಎಂದು ದೊಡ್ಡ ಗದ್ದಲವೆದ್ದು, ಮಾತು ಹೈಕೋರ್ಟ್ ಮೆಟ್ಟಿಲೇರಿತು. ಕೊನೆಗೆ ವಿಶ್ವ ಚೆಸ್ ಸಂಸ್ಥೆಯ ಅಧ್ಯಕ್ಷ ಮ್ಯಾಕ್ಸ್ ಯೂವೆ, ರಾಷ್ಟ್ರೀಯ, ಅಂತರರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಿಂದ ಹೆಣ್ಣುಮಕ್ಕಳನ್ನು ಹೊರಗಿಡುವಂತಿಲ್ಲ ಎಂದು ಕಟ್ಟಪ್ಪಣೆ ಮಾಡಬೇಕಾಯಿತು. ಎಂಟನೇ ಕ್ಲಾಸಿನ ವಯಸ್ಸಿನ ಹುಡುಗಿಯೊಬ್ಬಳು ಮಣೆಯ ಮುಂದೆ ಬಂದು ಕೂತದ್ದರಿಂದ ಆದ ಕೆಲಸ ಇದು. ನೆನೆದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ.

ಗಂಡಸರ ರಾಷ್ಟ್ರೀಯ ಪಟ್ಟವನ್ನು ಉಳಿದವರಲ್ಲಿ ಪ್ರವೀಣ್ ಠಿಪ್ಸೆ ಏಳು ಸಲ ಗೆದ್ದರು. ಸೂರ್ಯಶೇಖರ ಗಂಗೂಲಿ 2003ರಿಂದ 2008ರವರೆಗೆ ಸತತ ಆರು ಸಲ. 2022ರಲ್ಲಿ ಕಾನ್ಪುರದಲ್ಲಿ ಗೆದ್ದದ್ದು ಅರ್ಜುನ್ ಎರಿಗೈಸಿ.

ಮೈಸೂರಿಗೆ ಈ ಆಟ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು ಒಂದು ಮನೆಗೆ ಒಂದೇ ಸಲದಂತೆ ಅರವತ್ನಾಲ್ಕೂ ಮನೆ ಸುತ್ತಿಸುವ ಬಂಧಗಳನ್ನು ರಚಿಸಿದವರು. ಅವರ ಶ್ರೀತತ್ತ್ವನಿಧಿ ಎಂಬ ಗ್ರಂಥದ ಒಂಬತ್ತನೆಯ ಭಾಗ ಕೌತುಕನಿಧಿ, ಆಟಗಳದ್ದೇ ಭಂಡಾರ. ಆದರೂ ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಗಲು 2017 ಬರಬೇಕಾಯಿತು. ಅವರು ಮೈಸೂರಿನವರೇ, ರೈಲ್ವೆ ನೌಕರ ಎಂ.ಎಸ್. ತೇಜಕುಮಾರ್. ಆ ಸುದ್ದಿ ಓದಿದ ದಿನ ತಾತ ಇದ್ದಿದ್ದರೆ ಅನ್ನಿಸಿತು.

ಹೋದ ಬೇಸಿಗೆಯಲ್ಲಿ ಮೊಮ್ಮಗಳನ್ನು ಊರಿಗೆ ಕರೆದುಕೊಂಡು ಹೋಗಿದ್ದೆ. ಮೈಸೂರಿನಲ್ಲಿ ಟೂರ್ನಿ ಆಡುವ ಹುಡುಗಿ. ಚಪ್ಪಡಿಯ ಮೇಲಿನ ಎಲೆ, ಮಣ್ಣು ಗುಡಿಸಿ ಕಾಯಿ ಜೋಡಿಸಿದೆವು. ಮೊದಲ ಆಟ ಅವಳ ನಿಯಮದಲ್ಲಿ, ಎರಡನೆಯದು ತಾತನ ನಿಯಮದಲ್ಲಿ. ಎರಡನೇ ಆಟದಲ್ಲಿ ನನ್ನ ಆನೆ, ಮಂತ್ರಿ ಎರಡೂ ಸೇರಿ ಅವಳ ರಾಜನನ್ನು ಮೂಲೆಗೆ ತಳ್ಳುತ್ತಿದ್ದವು. ಶಹ ಕೊಡಲು ಇನ್ನೊಂದೇ ನಡೆ ಬೇಕಿತ್ತು. ಅವಳು ಗಲ್ಲಕ್ಕೆ ಕೈ ಕೊಟ್ಟು ತುಂಬಾ ಹೊತ್ತು ನೋಡಿದಳು. ಆಮೇಲೆ ರಾಜನನ್ನು ಎರಡು ಬೆರಳಲ್ಲಿ ಎತ್ತಿ, ಕುದುರೆಯ ಹಾಗೆ ಎಗರಿಸಿ, ಟಕ್ ಎಂದು ಕಲ್ಲಿನ ಮೇಲೆ ಇಟ್ಟಳು.