ಅಟ್ಟಕ್ಕೆ ಇನ್ಸುಲೇಷನ್ ಹಾಸುವ ಮೊದಲು

ಕೇಳುಗರೇ, ನಮಸ್ಕಾರ.

ಹಳೇ ಮನೆಯ ರಿಪೇರಿಗೆ ಕೈ ಹಾಕಿದ್ದೀರಾ? ಹಾಗಾದರೆ ಬಣ್ಣ, ಟೈಲ್ಸ್ ಮಾತು ಆಮೇಲೆ. ಮೊದಲು ಟಾರ್ಚ್ ಹಿಡಿದು ಅಟ್ಟ ಹತ್ತಿ. ಬಿಸಿಲುಗಾಲದ ಕಾವು ಒಳಗಿಳಿಯುವುದಕ್ಕೂ ಚಳಿಗಾಲದಲ್ಲಿ ಮನೆಯ ಬಿಸಿ ಸೋರಿ ಹೋಗುವುದಕ್ಕೂ ಚಾವಣಿ ದೊಡ್ಡ ದಾರಿ.

ಇನ್ಸುಲೇಷನ್, ಅಂದರೆ ಶಾಖ ತಡೆಯುವ ಹಾಸು, ಎಷ್ಟು ದಪ್ಪ ಇರಬೇಕು ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮುಖ್ಯವಾದದ್ದು, ಮೊದಲು ಸಂದುಗಳನ್ನು ಮುಚ್ಚುವುದು. ಕಲ್ಲಿನ ಎಳೆಯ ರಾಕ್‌ವೂಲ್ ಇರಲಿ, ಗಾಜಿನ ಎಳೆಯ ಗ್ಲಾಸ್‌ವೂಲ್ ಇರಲಿ, ಶಾಖ ತಡೆಯುವುದು ಅದರ ಎಳೆಗಳ ನಡುವೆ ಅಲ್ಲಾಡದೆ ನಿಂತ ಗಾಳಿ. ಅದರೊಳಗೆ ಗಾಳಿ ಹಾಯ್ದರೆ ಹಾಸಿದ್ದೆಲ್ಲ ಸುಮ್ನೆ. ಅದುಮಿ ತುರುಕಿದರೂ ಗುಣ ಕಮ್ಮಿ ಆಗುತ್ತದೆ. ಹಳೇ ಗ್ಲಾಸ್‌ವೂಲ್ ಇದ್ದರೆ ಎತ್ತಿ ನೋಡಿ. ಅಲ್ಲಲ್ಲಿ ಕಪ್ಪು ಕಲೆ ಕಂಡರೆ ಅದು ಬಹುಮಟ್ಟಿಗೆ ಧೂಳು. ಕೆಳಗಿನ ಸಂದಿನಿಂದ ಮೇಲೇರಿದ ಗಾಳಿ ಅದನ್ನು ಅಲ್ಲಿ ಬಿಟ್ಟು ಹೋಗಿರುತ್ತದೆ. ಪೈಪು, ವೈರು ತೂರಿದ ತೂತು, ಅಟ್ಟದ ಬಾಗಿಲಿನ ಅಂಚು, ಎಲ್ಲವನ್ನೂ ಬಿಗಿಮಾಡಿ.

ಚಳಿ ಪ್ರದೇಶದಲ್ಲಿ ಇನ್ನೊಂದು ತೊಂದರೆ ಉಂಟು. ಅಟ್ಟದ ನೆಲಕ್ಕೆ ಇನ್ಸುಲೇಷನ್ ಹಾಸಿದ ಮೇಲೆ ಅಟ್ಟ ಮೊದಲಿಗಿಂತ ಜಾಸ್ತಿ ತಣ್ಣಗಾಗುತ್ತದೆ. ಬಚ್ಚಲು, ಅಡುಗೆಮನೆಯ ಆವಿ ಅಲ್ಲಿಗೆ ಏರಿದರೆ ಮರದ ಮೇಲೆ ನೀರಾಗಿ ಕೂರುತ್ತದೆ. ಹಲಗೆಯಿಂದ ಇಳಿದ ಮೊಳೆಗಳ ತುದಿ ನೋಡಿ. ತುಕ್ಕು ಹಿಡಿದು ಸುತ್ತ ಮರ ಕಪ್ಪಾಗಿದ್ದರೆ ತೇವ ಈಗಾಗಲೇ ಬಂದಿದೆ ಅಂತಲೇ ಅರ್ಥ. ಮರದಲ್ಲಿ ತೇವ ಶೇಕಡಾ 20 ದಾಟಿ ಹಾಗೇ ಉಳಿದರೆ ಕೊಳೆಯುವ ಭಯ. ಅದಕ್ಕೇ ಸೂರಿನ ಅಂಚಿನಲ್ಲಿ ಗಾಳಿಯ ದಾರಿ ಮುಚ್ಚಬೇಡಿ. ಇಳಿಜಾರು ಚಾವಣಿಯ ಹಲಗೆಗೂ ಇನ್ಸುಲೇಷನ್ನಿಗೂ ನಡುವೆ ಸಾಮಾನ್ಯವಾಗಿ 50 ಮಿಲಿಮೀಟರ್ ಜಾಗ ಬಿಡುತ್ತಾರೆ. ಆವಿ ತಡೆಯುವ ಹಾಳೆ ಬೆಚ್ಚಗಿರುವ ಕೋಣೆಯ ಕಡೆಗೇ ಇರಬೇಕು. ವರ್ಷವಿಡೀ ಸೆಕೆ ಇದ್ದು ಏಸಿ ಹಾಕುವ ಕಡೆ ಆವಿ ಹೊರಗಿನಿಂದ ಒಳಕ್ಕೆ ನುಗ್ಗುತ್ತದೆ. ಅಲ್ಲಿ ಈ ಲೆಕ್ಕ ತಿರುಗುಮುರುಗು.

ಚಾವಣಿ ಸೋರುತ್ತಿದ್ದರೆ ಅದನ್ನು ಮೊದಲು ಸರಿಮಾಡಿಸಬೇಕು, ಬೇರೆ ಮಾತೇ ಇಲ್ಲ.

ಬಿಸಿಲಿನ ಊರಲ್ಲಿ ಹೊಳೆಯುವ ಅಲ್ಯೂಮಿನಿಯಂ ಹಾಳೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಹೊಳಪಿನ ಮುಖದ ಎದುರು ಖಾಲಿ ಜಾಗ ಇರಲೇಬೇಕು. ಎರಡು ಪದರದ ನಡುವೆ ಒತ್ತಿಟ್ಟರೆ ಪ್ರಯೋಜನವಿಲ್ಲ.

ವೈರಿಂಗ್ ವಿಷಯದಲ್ಲಿ ಉದಾಸೀನ ಬೇಡ. ಇನ್ಸುಲೇಷನ್ ಕೆಳಗೆ ಹೂತ ವೈರಿನ ಬಿಸಿ ಹೊರಹೋಗುವುದಿಲ್ಲ. ಪಿವಿಸಿ ವೈರಿಗೆ ಥರ್ಮೋಕೋಲ್ ತಾಗಿದ್ದರೆ ಅದರ ಮೇಲಿನ ಹೊದಿಕೆ ಕಾಲಕ್ರಮೇಣ ಪೆಡಸಾಗುತ್ತದೆ. ಎಲೆಕ್ಟ್ರಿಷಿಯನ್ ನೋಡಿದ ಮೇಲೆಯೇ ಹಾಸಿ. ಹಳೇ ಅಟ್ಟದಲ್ಲಿ ಬೂದು-ಕಂದು ಹರಳಿನಂಥ ವರ್ಮಿಕ್ಯುಲೈಟ್ ಎಂಬ ಖನಿಜ ಸುರಿದಿದ್ದರೆ ಕೈ ಹಾಕಬೇಡಿ, ಗುಡಿಸಲೂ ಬೇಡಿ. ಅದರಲ್ಲಿ ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶಕ್ಕೆ ಅಪಾಯವಾಗುವ ಆಸ್ಬೆಸ್ಟಾಸ್ ಬೆರೆತಿರಬಹುದು. ಪರೀಕ್ಷೆ ಮಾಡಿಸುವ ತನಕ ಅಟ್ಟದ ಬಾಗಿಲು ಮುಚ್ಚಿಯೇ ಇರಲಿ.

ನಮಸ್ಕಾರ.