‘ಆಮೇಲೆ?’ ಅನ್ನಿಸುವ ಹತ್ತು ನಿಮಿಷ

ಈಗ ನಿಮಗೆ ಕಾಣುತ್ತಿರುವುದು ನನ್ನ ಕೈ. ಕೈಯಲ್ಲಿ ಒಂದು ಸಣ್ಣ ಕಾರ್ಡು. ಅದರ ಮೇಲೆ ಮೂರು ವಾಕ್ಯ ಬರೆದಿದ್ದೇನೆ. ಕಾರ್ಡಿನ ಅಂಚು ಬೆವರಿಗೆ ಮೆತ್ತಗಾಗಿದೆ. ಆ ಬಾಗಿಲ ಆಚೆ ಒಂದು ಮೇಜು, ಮೇಜಿನ ಹಿಂದೆ ಪ್ರಕಾಶನ ಸಂಸ್ಥೆಯೊಂದರ ಸಂಪಾದಕಿ. ನನ್ನ ಕಾದಂಬರಿಯ ಬಗ್ಗೆ ಅವರಿಗೆ ಹೇಳಲು ನನಗೆ ಸಿಕ್ಕಿರುವುದು 10 ನಿಮಿಷ.

ಒಳಗೆ ಕ್ಯಾಮೆರಾ ಒಯ್ಯುವ ಹಾಗಿಲ್ಲ. ಹಾಗಾಗಿ ವಿಡಿಯೊ ಉದ್ದಕ್ಕೂ ಈ ಕಾರಿಡಾರು, ಈ ಕುರ್ಚಿಗಳು, ಕಾಯುತ್ತಿರುವವರ ಪಾದಗಳು ಮಾತ್ರ. ಯಾರ ಮುಖವನ್ನೂ ತೋರಿಸುವುದಿಲ್ಲ ಅಂತ ಎಲ್ಲರಿಗೂ ಮಾತು ಕೊಟ್ಟಿದ್ದೇನೆ. ಒಳಗೆ ಆಗಿದ್ದನ್ನು ನಾನೇ ಹೇಳುತ್ತೇನೆ.

ಹೀಗೆ ಪುಸ್ತಕವನ್ನು ಚಿಕ್ಕದಾಗಿ ಹೇಳಿ ಒಪ್ಪಿಸಲು ನೋಡುವುದಕ್ಕೆ ಪಿಚ್ ಅನ್ನುತ್ತಾರೆ. ಇದು ನನ್ನ ಎರಡನೇ ಪಿಚ್. ಮೊದಲನೆಯದು ಎಂಟು ತಿಂಗಳ ಹಿಂದೆ, ಬೇರೆ ಕಡೆ, ಬೇರೆ ಸಂಪಾದಕರ ಮುಂದೆ. ಅವತ್ತು ಕುಳಿತ ಕೂಡಲೇ ‘ನನ್ನ ಕಾದಂಬರಿ ನಂಬಿಕೆಯ ಬಗ್ಗೆ’ ಅಂದೆ. ನಂಬಿಕೆ ಅಂದರೇನು, ಅದು ಹೇಗೆ ಸವೆದುಹೋಗುತ್ತದೆ, ಈ ವಿಷಯ ನನ್ನನ್ನು ಎಷ್ಟು ವರ್ಷ ಕಾಡಿದೆ ಅಂತ ಹೇಳುತ್ತಾ ಹೋದೆ. ಎದುರಿಗಿದ್ದವರು ತಲೆಯಾಡಿಸುತ್ತಿದ್ದರು. ನಡುನಡುವೆ ಹೂಂ ಅನ್ನುತ್ತಿದ್ದರು. ಎಲ್ಲ ಚೆನ್ನಾಗಿ ಹೋಗುತ್ತಿದೆ ಅಂದುಕೊಂಡೆ. ಆರು ನಿಮಿಷ ಕಳೆದ ಮೇಲೆ ಅವರು ಮೆಲ್ಲಗೆ ಕೇಳಿದರು: ‘ಸರಿ, ಕಥೆ ಯಾರದು?’

ಆ ಪ್ರಶ್ನೆಗೆ ನನ್ನ ಹತ್ತಿರ ನೆಟ್ಟಗೆ ಉತ್ತರ ಇರಲಿಲ್ಲ. ನಾಲ್ಕು ವರ್ಷ ಬರೆದ ಪುಸ್ತಕ ಅದು. ಯಾರ ಕಥೆ ಅಂತ ಒಂದು ಮಾತಲ್ಲಿ ಹೇಳಲು ಆಗಲಿಲ್ಲ. ಮನೆಗೆ ಬಂದು ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಕಥೆ ಹೇಳುವವರಿಗೆ ಹೂಂಗುಡುವವರು ಬೇಕು ಅಂತಾರೆ. ನಿಜ. ಆದರೆ ಕೇಳುವವರು ಬರೀ ಮರ್ಯಾದೆಗೂ ಹೂಂ ಅನ್ನಬಹುದು. ‘ಆಮೇಲೆ?’ ಅನ್ನುವ ಮಾತು ಹಾಗಲ್ಲ. ಮಕ್ಕಳು ನಿದ್ದೆಗಣ್ಣಲ್ಲೂ ಆಮೇಲೆ ಆಮೇಲೆ ಅಂತ ಕೇಳುತ್ತಾರಲ್ಲ, ಕಥೆ ಹಿಡಿದುಕೊಂಡಾಗ ಮಾತ್ರ. ಅವತ್ತು ನನಗೆ ‘ಹೂಂ’ ತುಂಬಾ ಸಿಕ್ಕಿತ್ತು, ‘ಆಮೇಲೆ?’ ಒಂದೂ ಸಿಕ್ಕಿರಲಿಲ್ಲ.

ನಡುವಿನ ಎಂಟು ತಿಂಗಳಲ್ಲಿ ನಾನು ಕಲಿತದ್ದರಲ್ಲಿ ಒಂದನ್ನು ಇವತ್ತು ನಿಮಗೆ ಹೇಳಲೇಬೇಕು. ಸಂಪಾದಕರಿಗೆ ಪುಸ್ತಕ ಇಷ್ಟವಾದರೆ ಕೆಲಸ ಮುಗಿಯಿತು ಅಂತ ನಾವು ಅಂದುಕೊಳ್ಳುತ್ತೇವೆ. ದೊಡ್ಡ ಪ್ರಕಾಶನ ಸಂಸ್ಥೆಗಳಲ್ಲಿ ಅವರ ಕೆಲಸ ಅಲ್ಲಿಂದ ಶುರುವಾಗುತ್ತದೆ. ಅವರು ನಮ್ಮ ಪುಸ್ತಕವನ್ನು ಒಂದು ಸಭೆಗೆ ಒಯ್ಯಬೇಕು. ಅಲ್ಲಿ ಮಾರಾಟದವರು, ಪ್ರಚಾರದವರು, ಲೆಕ್ಕದವರು ಎಲ್ಲ ಇರುತ್ತಾರೆ. ಅವರಲ್ಲಿ ಹೆಚ್ಚಿನವರು ಹಸ್ತಪ್ರತಿಯನ್ನು ಪೂರ್ತಿ ಓದಿರುವುದಿಲ್ಲ. ಎಷ್ಟು ಪ್ರತಿ ಹೋಗಬಹುದು, ಮುದ್ರಣಕ್ಕೆ ಎಷ್ಟಾಗುತ್ತದೆ, ಲೇಖಕರಿಗೆ ಮುಂಗಡ ಎಷ್ಟು ಕೊಡಬಹುದು ಅನ್ನುವ ಲೆಕ್ಕದ ಹಾಳೆಯೂ ಮೇಜಿನ ಮೇಲಿರುತ್ತದೆ. ಆ ಸಭೆಯಲ್ಲಿ ನಮ್ಮ ಸಂಪಾದಕರು ನಮ್ಮ ಜಾಗದಲ್ಲಿ ಕುಳಿತು ನಮ್ಮದೇ ಪಿಚ್ ಮಾಡುತ್ತಾರೆ. ನಾವು ಅಲ್ಲಿರುವುದಿಲ್ಲ.

ಅಲ್ಲಿ ಒಪ್ಪಿಗೆಯಾದರೆ ಮಾರಾಟದವರು ಅದನ್ನೇ ಅಂಗಡಿಯವರಿಗೆ ಹೇಳಬೇಕು. ಅಂಗಡಿಯವರು ಓದುಗರಿಗೆ. ಓದಿದವರು ಗೆಳೆಯರಿಗೆ. ಹೀಗೆ ಬಾಯಿಂದ ಬಾಯಿಗೆ ಹೋಗುವಾಗ ನಮ್ಮ ನಂಬಿಕೆ ಕುರಿತ ಭಾಷಣ ಮೊದಲ ಬಾಗಿಲಲ್ಲೇ ಉದುರಿಹೋಗುತ್ತದೆ. ಇನ್ನೊಬ್ಬರ ಬಾಯಲ್ಲೂ ಕೆಡದೆ ಉಳಿಯುವ ಒಂದೆರಡು ವಾಕ್ಯ ನಾವು ಕೊಟ್ಟಿದ್ದರೆ ಮಾತ್ರ ಪುಸ್ತಕ ಮುಂದೆ ಹೋಗುತ್ತದೆ. ಇದು ತಿಳಿದ ದಿನ ನನ್ನ ಭಯ ಅರ್ಧ ಕಡಿಮೆಯಾಯಿತು. ಸಂಪಾದಕರನ್ನು ಪರೀಕ್ಷೆ ಮಾಡುವವರು ಅಂದುಕೊಂಡಿದ್ದೆ. ಆಮೇಲೆ ನನ್ನ ಮಾತನ್ನು ಹೊತ್ತುಕೊಂಡು ಹೋಗಬೇಕಾದವರು ಅಂತ ಕಾಣಿಸಿತು. ಹೊರೆ ಹಗುರ ಮಾಡಿಕೊಡುವುದು ನನ್ನ ಕೆಲಸ.

ಈಗ ಪರದೆ ಮೇಲಿರುವುದು ನನ್ನ ನೋಟ್‌ಬುಕ್ಕು. ಗೀಚಿ ಹೊಡೆದುಹಾಕಿದ ಸಾಲುಗಳು ಕಾಣುತ್ತಿವೆ, ಅಲ್ವಾ? ಮೊದಲ ಪುಟದಲ್ಲಿ ಆರು ಪಾತ್ರಗಳ ಹೆಸರಿದ್ದವು. ಎಲ್ಲ ತೆಗೆದೆ. ಕೇಳುವವರಿಗೆ ಹೆಸರಿನಿಂದ ಏನೂ ಗೊತ್ತಾಗುವುದಿಲ್ಲ. ‘ಬೀಗದವನ ಮಗಳು’ ಅಂದರೆ ತಕ್ಷಣ ಒಬ್ಬಳು ಕಣ್ಣ ಮುಂದೆ ಬರುತ್ತಾಳೆ. ಎರಡನೇ ಪುಟದಲ್ಲಿ ‘ಒಬ್ಬ ಹೆಣ್ಣುಮಗಳು ತನ್ನನ್ನು ತಾನು ಹುಡುಕಿಕೊಳ್ಳುವ ಕಥೆ’ ಅಂತ ಇದೆ. ಅದನ್ನು ಬರೆದಾಗ ತುಂಬಾ ಇಷ್ಟವಾಗಿತ್ತು. ಆದರೆ ಆ ಸಾಲನ್ನು ಸಾವಿರ ಪುಸ್ತಕಗಳ ಬೆನ್ನಿಗೆ ಅಂಟಿಸಬಹುದು. ನನ್ನ ಪುಸ್ತಕಕ್ಕೆ ಮಾತ್ರ ಹೊಂದುವ ಸಾಲು ಬೇಕಿತ್ತು.

ಬಿಗಿಯಾಗಿ ಬರೆಯಲು ನಾನು ಒಂದು ಹಳೆಯ ಪದ್ಧತಿ ಹಿಡಿದೆ. ಟ್ವಿಟರ್‌ನಲ್ಲಿ ‘ಪಿಟ್‌ಮ್ಯಾಡ್’ ಅಂತ ಒಂದು ಪಿಚ್ ದಿನ ನಡೆಯುತ್ತಿತ್ತು. 2012ರಲ್ಲಿ ಶುರುವಾಗಿ 2022ರಲ್ಲಿ ನಿಂತಿತು. ಹಸ್ತಪ್ರತಿ ಮುಗಿಸಿದವರು ಒಂದೇ ಟ್ವೀಟ್‌ನಲ್ಲಿ ಕಥೆ ಹೇಳಬೇಕು, ಇಷ್ಟವಾದರೆ ಏಜೆಂಟರು, ಅಂದರೆ ಲೇಖಕರ ಪರವಾಗಿ ಪುಸ್ತಕವನ್ನು ಪ್ರಕಾಶಕರಿಗೆ ಒಯ್ಯುವವರು, ಅದನ್ನು ಗುರುತು ಹಾಕಿ ಕರೆಯುತ್ತಿದ್ದರು. 2017ರವರೆಗೆ ಒಂದು ಟ್ವೀಟ್ ಅಂದರೆ 140 ಅಕ್ಷರ, ಆಮೇಲೆ 280. ಅಷ್ಟರಲ್ಲಿ ಒಬ್ಬ ಮನುಷ್ಯ, ಅವನಿಗೆ ಬಂದ ಕಷ್ಟ, ಅದರಲ್ಲಿ ಏನು ಕಳೆದುಕೊಳ್ಳಬಹುದು ಅನ್ನುವುದು, ಎಲ್ಲ ಹಿಡಿಸಬೇಕು. ನಾನು 140ಕ್ಕೆ ಇಳಿಸಲು ಹೋಗಿ ಒಂದು ತಿಂಗಳು ಕಳೆದೆ. ಅಷ್ಟಕ್ಕೆ ಇಳಿಯಲಿಲ್ಲ. ಆದರೆ ಆ ಒಂದು ತಿಂಗಳಲ್ಲಿ ನನ್ನ ಕಥೆ ಯಾವುದು ಅಂತ ನನಗೇ ಗೊತ್ತಾಯಿತು.

ಎಲ್ಲಿಂದ ಶುರು ಮಾಡಬೇಕು ಅನ್ನುವುದೂ ಒಂದು ದೊಡ್ಡ ಪ್ರಶ್ನೆ. ಇಲ್ಲಿ ನನಗೆ ಧೈರ್ಯ ಕೊಟ್ಟದ್ದು ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಗೋಲ್ಡಿಂಗ್ ಅವರ ಮೊದಲ ಕಾದಂಬರಿಯ ಕಥೆ. ‘ಲಾರ್ಡ್ ಆಫ್ ದಿ ಫ್ಲೈಸ್’ ಹಸ್ತಪ್ರತಿ ಹಲವು ಪ್ರಕಾಶಕರನ್ನು ಸುತ್ತಿ, ಅಂಚು ಮಡಚಿಕೊಂಡು, 1953ರಲ್ಲಿ ಲಂಡನ್ನಿನ ಫೇಬರ್ ಸಂಸ್ಥೆಗೆ ಬಂತು. ಅಲ್ಲಿ ಮೊದಲು ಓದಿದವರು ಅದು ಸಪ್ಪೆ, ಹುರುಳಿಲ್ಲ ಅಂತ ಪಕ್ಕಕ್ಕಿಟ್ಟಿದ್ದರು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಚಾರ್ಲ್ಸ್ ಮಾಂಟೀತ್ ಅನ್ನುವ ಸಂಪಾದಕರು ಅದನ್ನು ಮತ್ತೆ ಕೈಗೆತ್ತಿಕೊಂಡರು. ಹಸ್ತಪ್ರತಿ ಅಣುಯುದ್ಧದ ವಿವರಣೆಯಿಂದ ಶುರುವಾಗುತ್ತಿತ್ತು. ಅದನ್ನು ತೆಗೆದು, ದ್ವೀಪದಲ್ಲಿ ಸಿಕ್ಕಿಕೊಂಡ ಹುಡುಗರಿಂದಲೇ ಕಥೆ ಶುರು ಮಾಡಲು ಅವರು ಸಲಹೆ ಕೊಟ್ಟರು. 1954ರಲ್ಲಿ ಪುಸ್ತಕ ಬಂತು. 1983ರಲ್ಲಿ ಗೋಲ್ಡಿಂಗ್ ಅವರಿಗೆ ನೊಬೆಲ್ ಬಂತು.

ಇದನ್ನು ಹೇಳುವವರು ಸಾಮಾನ್ಯವಾಗಿ ‘ನೋಡಿ, ಎಷ್ಟು ಕಡೆ ಬೇಡ ಅಂದಿದ್ದರು’ ಅನ್ನುತ್ತಾರೆ. ನನ್ನ ಕಣ್ಣು ನಿಂತದ್ದು ಆ ತೆಗೆದುಹಾಕಿದ ಪುಟಗಳ ಮೇಲೆ. ಮಕ್ಕಳು ದ್ವೀಪಕ್ಕೆ ಹೇಗೆ ಬಂದರು ಅನ್ನುವುದು ಬರೆದವರಿಗೆ ಬೇಕಿತ್ತು. ಓದುವವರಿಗೆ ಹುಡುಗರೇ ಸಾಕಿತ್ತು. ಪಿಚ್‌ನಲ್ಲೂ ಹಾಗೇ. ನಾನು ನಂಬಿಕೆಯಿಂದ ಶುರು ಮಾಡಿದ್ದೆ. ಶುರು ಮಾಡಬೇಕಾದದ್ದು ಡಬ್ಬಿಯಿಂದ.

ಯಾವ ಡಬ್ಬಿ ಅಂತೀರಾ? ಕಾರ್ಡಿನಲ್ಲಿರುವುದನ್ನೇ ಓದುತ್ತೇನೆ, ಕೇಳಿ.

‘ಊರಿನ ಬೀಗದವನು ತೀರಿಕೊಂಡ ಮೇಲೆ ಅವನ ಮಗಳಿಗೆ ಒಂದು ಡಬ್ಬಿ ಸಿಗುತ್ತದೆ: ಅಪ್ಪ ಮಾಡಿಕೊಟ್ಟ ಪ್ರತಿ ಬೀಗದ ಇನ್ನೊಂದು ಕೀಲಿ ಅದರಲ್ಲಿದೆ. ಅದೇ ವಾರ, ಬೀಗ ಒಡೆಯದೆ ಆದ ಒಂದು ಕಳ್ಳತನಕ್ಕೆ ಆ ಮನೆಯ ಕೆಲಸದ ಹುಡುಗ ಜೈಲಿಗೆ ಹೋಗಿದ್ದಾನೆ. ಡಬ್ಬಿ ತೋರಿಸಿದರೆ ಹುಡುಗ ಉಳಿಯಬಹುದು, ಅಪ್ಪನ ಹೆಸರು ಉಳಿಯುವುದಿಲ್ಲ.’

ಇಷ್ಟೇ. ನಂಬಿಕೆ ಅನ್ನುವ ಪದ ಇದರಲ್ಲಿ ಎಲ್ಲೂ ಇಲ್ಲ.

ಇಲ್ಲಿ ಒಂದು ಮಾತು. ಇಷ್ಟನ್ನು ಯೂಟ್ಯೂಬ್‌ನಲ್ಲಿ ಹೇಳಿಬಿಟ್ಟೆ, ಯಾರಾದರೂ ಕದ್ದರೆ ಅಂತ ಕೆಲವರು ಕೇಳುತ್ತೀರಿ. ಬರೀ ಐಡಿಯಾಕ್ಕೆ ಕಾಪಿರೈಟ್ ಇಲ್ಲ, ಇದು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. 1995ರಲ್ಲಿ ಜಾರಿಗೆ ಬಂದ ಟ್ರಿಪ್ಸ್ ಅನ್ನುವ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದ ಅದನ್ನು ಬಿಡಿಸಿಯೇ ಹೇಳಿದೆ: ರಕ್ಷಣೆ ಇರುವುದು ಬರೆದ ರೂಪಕ್ಕೆ, ಯೋಚನೆಗೆ ಅಲ್ಲ. ನಾವು ಬರೆದ ಪುಟಗಳಿಗಾದರೋ ಬರೆದ ಕ್ಷಣದಿಂದಲೇ ಹಕ್ಕು ನಮ್ಮದು. ಬರ್ನ್ ಅನ್ನುವ ಅಂತರರಾಷ್ಟ್ರೀಯ ಕಾಪಿರೈಟ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಅದಕ್ಕಾಗಿ ನೋಂದಣಿಯೂ ಬೇಕಿಲ್ಲ. ಹಾಗಾಗಿ ಪಿಚ್ ಮಾಡುವಾಗ ‘ಮೊದಲು ಗುಟ್ಟಿನ ಕರಾರಿಗೆ ಸಹಿ ಹಾಕಿ’ ಅಂತ ಕೇಳಬೇಡಿ. ಇದೇ ಡಬ್ಬಿಯನ್ನು ಹತ್ತು ಜನಕ್ಕೆ ಕೊಟ್ಟರೆ ಹತ್ತು ಬೇರೆ ಪುಸ್ತಕ ಬರುತ್ತವೆ. ನನ್ನದು ನನ್ನ ಪುಟಗಳಲ್ಲಿದೆ.

ಈಗ ಆ ನೀಲಿ ಚಪ್ಪಲಿಯ ಪಾದಗಳನ್ನು ನೋಡಿ. ಅವರು ನಿವೃತ್ತ ನರ್ಸ್. ಆಸ್ಪತ್ರೆಯ ರಾತ್ರಿ ಪಾಳಿಯ ಬಗ್ಗೆ ಪುಸ್ತಕ ಮಾಡಬೇಕು ಅಂತ ಬಂದಿದ್ದಾರೆ. ನಾನು ಹತ್ತಿರ ಹೋಗಿ ‘ಅಮ್ಮ, ಎಷ್ಟು ಬರೆದಿದ್ದೀರಿ?’ ಅಂದೆ. ‘ಎರಡೇ ಅಧ್ಯಾಯ ಕಣಮ್ಮ, ಪೂರ್ತಿ ಬರೆಯದೆ ಬಂದಿದ್ದು ತಪ್ಪಾಯ್ತೇನೋ’ ಅಂದರು. ತಪ್ಪೇನಿಲ್ಲ. ಕಾದಂಬರಿ ಆದರೆ ಹೊಸಬರು ಪೂರ್ತಿ ಮುಗಿಸಿಯೇ ಹೋಗಬೇಕು, ಏಕೆಂದರೆ ಒಳ್ಳೆಯ ಐಡಿಯಾ ಇರುವವರೆಲ್ಲ ಕೊನೆ ಮುಟ್ಟಿಸುವುದಿಲ್ಲ. ಅವರದ್ದು ಕಥೆಯಲ್ಲದ ಪುಸ್ತಕ. ಅದಕ್ಕೆ ಸಾಮಾನ್ಯವಾಗಿ ಒಂದು ಪ್ರಸ್ತಾವ ಸಾಕು: ಯಾವ ಅಧ್ಯಾಯದಲ್ಲಿ ಏನು ಬರುತ್ತದೆ, ಓದುವವರು ಯಾರು, ಈ ಬಗೆಯ ಬೇರೆ ಪುಸ್ತಕಗಳು ಯಾವುವು, ಮಾದರಿಗೆ ಒಂದೆರಡು ಅಧ್ಯಾಯ. ಸ್ವಂತ ಬದುಕಿನ ಕಥೆ ಮಾತ್ರ ನಡುವೆ ಬರುತ್ತದೆ, ಅದನ್ನು ಎಷ್ಟೋ ಜನ ಕಾದಂಬರಿಯ ಹಾಗೆ ಪೂರ್ತಿಯಾಗಿಯೇ ಕೇಳುತ್ತಾರೆ.

ಅವರು ಒಳಗೆ ಹೋಗಿ ಬಂದರು. ಬಂದವರು ನನ್ನ ಪಕ್ಕ ಕುಳಿತು ನೀರು ಕುಡಿದರು. ‘ನೀವೇ ಯಾಕೆ ಬರೆಯಬೇಕು ಅಂತ ಕೇಳಿದರು’ ಅಂದರು. ‘ನೀವೇನಂದಿರಿ?’ ‘ಬೆಳಗಿನ ಜಾವ ಮೂರು ಗಂಟೆಗೆ ರೋಗಿಗಳು ಏನು ಕೇಳುತ್ತಾರೆ ಅಂತ ನನಗೆ ಗೊತ್ತು. ಡಾಕ್ಟರಿಗೆ ಗೊತ್ತಿಲ್ಲ, ಮನೆಯವರಿಗೆ ಗೊತ್ತಿಲ್ಲ. ಹಾಗಂದೆ.’ ನನ್ನ ಮೈ ಜುಮ್ಮೆಂದಿತು. ಏನು ಕೇಳುತ್ತಾರೆ ಅಂತ ನಾನು ಆಗಲೇ ಕೇಳಬೇಕು ಅಂತಿದ್ದೆ. ನೋಡಿ, ನನ್ನ ಬಾಯಲ್ಲೇ ‘ಆಮೇಲೆ?’ ಬಂತು. ಕಥೆಯಲ್ಲದ ಪುಸ್ತಕದಲ್ಲೂ ಅದು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಹಣದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹಸ್ತಪ್ರತಿ ಓದಲು ಶುಲ್ಕ ಕೊಡಿ ಅನ್ನುವ ಏಜೆಂಟರಿಂದ ದೂರ ಇರಿ. ಇಂಗ್ಲಿಷ್ ಪ್ರಕಾಶನದಲ್ಲಿ ಏಜೆಂಟರ ಪಾಲು ಸಾಮಾನ್ಯವಾಗಿ ನೂರಕ್ಕೆ 15. ಅದೂ ಲೇಖಕರಿಗೆ ಹಣ ಬಂದ ಮೇಲೆ, ಆ ಹಣದಿಂದ. ಪುಸ್ತಕ ಒಪ್ಪಿಕೊಂಡಿದ್ದೇವೆ, ಅಚ್ಚಿನ ಖರ್ಚು ನೀವು ಹಾಕಿ ಅಂದರೆ, ಅಲ್ಲಿ ಹಣ ಹಾಕಿ ಅಪಾಯ ಹೊತ್ತುಕೊಳ್ಳುವವರು ನೀವು. ಅದು ಗೊತ್ತಿದ್ದೇ ಒಪ್ಪಿಕೊಂಡರೆ ಬೇರೆ ಮಾತು. ಗೊತ್ತಿಲ್ಲದೆ ಒಪ್ಪಿಕೊಂಡು ಅತ್ತವರನ್ನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ನನ್ನ ಸರದಿ ಬಂತು. ಇಲ್ಲಿ ಪರದೆ ಮೇಲೆ ಮುಚ್ಚಿದ ಬಾಗಿಲು ಮಾತ್ರ ಇರುತ್ತದೆ.

ಕುಳಿತೆ. ಮೂರು ವಾಕ್ಯ ಹೇಳಿದೆ. ಹೇಳಿದ್ದು ಅರ್ಧ ನಿಮಿಷ ಇರಬಹುದು. ಆಮೇಲೆ ಬಾಯಿ ಮುಚ್ಚಿದೆ. ಇದು ತುಂಬಾ ಕಷ್ಟ, ಕೈ ಸುಮ್ಮನಿರುವುದಿಲ್ಲ, ಮೌನ ತುಂಬಿಸಬೇಕು ಅನ್ನಿಸುತ್ತದೆ. ಅವರು ಪೆನ್ನು ಕೆಳಗಿಟ್ಟರು. ‘ಅಪ್ಪ ಆ ಕೀಲಿಗಳನ್ನು ಯಾಕೆ ಇಟ್ಟುಕೊಂಡಿದ್ದ?’ ಅಂದರು.

ಪ್ರಶ್ನೆ ಬಂತು! ಅಲ್ಲಿಂದ ಮುಂದಿನ ಒಂಬತ್ತು ನಿಮಿಷ ನಾವಿಬ್ಬರೂ ಬೀಗದವನ ಮಗಳ ಬಗ್ಗೆ ಮಾತಾಡಿದೆವು, ನಮ್ಮಿಬ್ಬರಿಗೂ ಪರಿಚಯ ಇರುವವಳ ಹಾಗೆ. ಕೊನೆಗೆ ಡಬ್ಬಿ ತೋರಿಸುತ್ತಾಳಾ ಅಂತ ಕೇಳಿದರು. ಹೇಳಿದೆ. ‘ಅದು ಸಸ್ಪೆನ್ಸ್, ಪುಸ್ತಕ ಓದಿ’ ಅಂತ ಸಂಪಾದಕರ ಹತ್ತಿರ ಹೇಳಬಾರದು. ಕಥೆಗೆ ನೆಟ್ಟಗಿನ ಕೊನೆ ಇದೆಯಾ ಅಂತ ಅವರಿಗೆ ತಿಳಿಯಬೇಕು. ಎಷ್ಟು ಪದ ಅಂದರು. ಯಾವ ಪುಸ್ತಕ ಇಷ್ಟಪಟ್ಟವರು ಇದನ್ನು ಓದುತ್ತಾರೆ ಅಂದರು. ಇಲ್ಲಿ ನಾನು ಈಚಿನ ಎರಡು ಪುಸ್ತಕ ಹೇಳಿದೆ. ಕಳೆದ ಸಲ ಎಲ್ಲರಿಗೂ ಗೊತ್ತಿರುವ ಒಂದು ದೊಡ್ಡ ಹೆಸರು ಹೇಳಿದ್ದೆ, ಅದರಿಂದ ಅವರಿಗೆ ಏನೂ ತಿಳಿದಿರಲಿಲ್ಲ. ಈಚಿನ ನಾಲ್ಕೈದು ವರ್ಷದ ಪುಸ್ತಕವಾದರೆ, ಅದನ್ನು ಯಾರು ಕೊಂಡರು, ಅಂಗಡಿಯಲ್ಲಿ ಯಾವ ಸಾಲಿನಲ್ಲಿತ್ತು ಅಂತ ಸಭೆಯಲ್ಲಿರುವವರಿಗೆ ಗೊತ್ತಿರುತ್ತದೆ.

ಏಳುವಾಗ ಅವರು ಇನ್ನೊಂದು ಕೇಳಿದರು. ‘ಆ ಹುಡುಗನಿಗೆ ಅಮ್ಮ ಇಲ್ವಾ?’

ಇದ್ದಾಳೆ. ಏಳನೇ ಅಧ್ಯಾಯದಲ್ಲಿ ಒಂದು ಸಲ ಬಂದು ಹೋಗುತ್ತಾಳೆ, ಮಾತಿಲ್ಲ. ಹಾಗೇ ಹೇಳಿದೆ. ಅವರು ತಲೆಯಾಡಿಸಿ, ‘ಮೊದಲ ಮೂರು ಅಧ್ಯಾಯ ಮತ್ತು ಒಂದು ಪುಟದ ಸಾರಾಂಶ ಕಳಿಸಿ’ ಅಂದರು. ಓದುತ್ತೇನೆ ಅಂದಿದ್ದಾರೆ ಅಷ್ಟೇ, ಒಪ್ಪಿದ್ದಾರೆ ಅಂತಲ್ಲ. ಆದರೂ ಹೊರಗೆ ಬಂದಾಗ ಆ ನೀಲಿ ಚಪ್ಪಲಿಯ ಅಮ್ಮ ನನ್ನ ಮುಖ ನೋಡಿಯೇ ಎದ್ದು ನಿಂತರು. ಅವರನ್ನು ಗಟ್ಟಿಯಾಗಿ ತಬ್ಬಿಕೊಂಡೆ. ಇಲ್ಲಿ ಕ್ಯಾಮೆರಾ ಅಲ್ಲಾಡಿದೆ, ಅದನ್ನು ಹಾಗೇ ಬಿಟ್ಟಿದ್ದೇನೆ.

ಈಗ ರಾತ್ರಿ ಹನ್ನೊಂದೂವರೆ. ಇದು ನನ್ನ ಮೇಜು. ಮೂರು ಅಧ್ಯಾಯ, ಸಾರಾಂಶ ಎರಡೂ ಕಳಿಸಿ ಆಯಿತು. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಆದರೆ ಆ ಹುಡುಗನ ಅಮ್ಮನ ಬಗ್ಗೆ ಸಂಪಾದಕಿ ಕೇಳಿದ ಪ್ರಶ್ನೆ ಬಿಡುತ್ತಿಲ್ಲ. ಮಗ ಜೈಲಿನಲ್ಲಿರುವಾಗ ಅವಳು ಏನೂ ಮಾತಾಡದೆ ಹೇಗೆ ಹೋದಳು? ಏಳನೇ ಅಧ್ಯಾಯ ತೆರೆದಿಟ್ಟಿದ್ದೇನೆ. ಅವಳು ಬೀಗದ ಅಂಗಡಿಯ ಬಾಗಿಲಿಗೆ ಬಂದು ನಿಂತಿದ್ದಾಳೆ. ಕ್ಯಾಮೆರಾ ಆಫ್ ಮಾಡುತ್ತೇನೆ, ಅವಳು ಏನು ಹೇಳುತ್ತಾಳೆ ಅಂತ ಕೇಳಬೇಕು.