ಕಾರ್ತೇಜಿನ ಅಸ್ಥಿಕುಂಭಗಳು: ಓದುವ ಬಗೆ, ಇಡುವ ಬಗೆ

ಎಲ್ಲರಿಗೂ ನಮಸ್ಕಾರ.

ಪರದೆಯ ಮೇಲಿರುವ ಗಡಿಗೆಯನ್ನು ನೋಡಿ. ದುಂಡು ಹೊಟ್ಟೆ, ಎರಡು ಹಿಡಿ, ಮೈಸುತ್ತ ಬಣ್ಣದ ಪಟ್ಟೆ. ಬಾಯಿಗೆ ಜೇಡಿಮಣ್ಣು ಮೆತ್ತಿ ಮುಚ್ಚಿದ್ದಾರೆ. ಒಳಗಿರುವುದು ಶಿಶುವಿನ ಬೊಗಸೆಯಷ್ಟು ಸುಟ್ಟ ಮೂಳೆ, ಇದ್ದಿಲಿನ ಚೂರು, ಒಂದೆರಡು ಮಣಿ. ಆ ಮಗುವನ್ನು ದೇವರಿಗೆ ಬಲಿಕೊಟ್ಟರೋ, ಅದು ತಾನಾಗಿ ಸತ್ತಿತೋ ಎಂಬುದೇ ಪ್ರಶ್ನೆ.

ಟ್ಯುನೀಷಿಯಾದ ಪ್ರಾಚೀನ ನಗರ ಕಾರ್ತೇಜ್‌ನಲ್ಲಿ, ಸಲಾಂಬೊ ಎಂಬಲ್ಲಿ, ಇಂಥ ಕುಂಭಗಳನ್ನು ಹೂಳಿದ ನೆಲ 1921ರಲ್ಲಿ ಬೆಳಕಿಗೆ ಬಂತು. ಕ್ರಿ.ಪೂ. 146ರಲ್ಲಿ ರೋಮನ್ನರು ನಗರವನ್ನು ನಾಶ ಮಾಡುವವರೆಗೆ ಶತಮಾನಗಳ ಕಾಲ ಜನ ಇಲ್ಲಿ ಕುಂಭಗಳನ್ನು ಸ್ತರದ ಮೇಲೆ ಸ್ತರವಾಗಿ ಹೂಳುತ್ತ ಬಂದರು. ಅನೇಕ ಕುಂಭಗಳ ಮೇಲೆ ಕಲ್ಲು ನೆಟ್ಟರು. ಈ ಜಾಗವನ್ನು ನಾವು ತೋಫೆತ್ ಎನ್ನುತ್ತೇವೆ. ಅದು ವಿದ್ವಾಂಸರು ಹೀಬ್ರೂ ಬೈಬಲಿನಿಂದ ತಂದ ಹೆಸರು. ಮಕ್ಕಳನ್ನು ಬೆಂಕಿಗೆ ಕೊಟ್ಟ ಸ್ಥಳಕ್ಕೆ ಬೈಬಲಿನಲ್ಲಿರುವ ಹೆಸರದು. ಹಾಗಾಗಿ ವಿಚಾರಣೆಗೆ ಮೊದಲೇ ತೀರ್ಪು ಬಂದಂತಾಯಿತು.

ಮೊದಲು ಮಣ್ಣಿನ ಮಾತು ಕೇಳೋಣ. ಕಲ್ಲುಗಳ ಮೇಲೆ ಇಸವಿ ಇಲ್ಲ. ಕಾಲ ಹೇಳುವುದು ಮಡಕೆಯ ಆಕಾರವೇ. 1920ರ ದಶಕದಲ್ಲಿ ಪುರಾತತ್ವಜ್ಞ ಡೊನಾಲ್ಡ್ ಹಾರ್ಡನ್ ಕತ್ತು, ಹೊಟ್ಟೆ, ತಳಗಳನ್ನು ಹೋಲಿಸಿ ಕುಂಭಗಳನ್ನು ಸಾಲುಗೂಡಿಸಿದರು. ಕಾರ್ತೇಜಿನ ತಾನಿತ್ ದೇವಿಯ ಹೆಸರಿನಲ್ಲಿ ಒಂದು, ಎರಡು, ಮೂರು ಎಂದು ಗುರುತಿಸಿದ ಆ ಹಂತಗಳ ಹೆಸರು ಇವತ್ತಿಗೂ ಚಾಲ್ತಿಯಲ್ಲಿವೆ. ಸಾರ್ಡಿನಿಯಾ ದ್ವೀಪದಲ್ಲಿ ಇಂಥದೇ ನೆಲವಿರುವ ಸುಲ್ಕಿಸ್‌ನಲ್ಲಿಯಂತೂ ಅಡುಗೆಮನೆಯ ಗಡಿಗೆಗಳನ್ನೇ ಅಸ್ಥಿಕುಂಭವಾಗಿ ಬಳಸಿದ್ದರು. ಒಲೆಯ ಮೇಲಿನ ಪಾತ್ರೆಗೂ ಮಗುವಿನ ಬೂದಿಗೂ ಅವರು ದೂರ ಇಟ್ಟಿರಲಿಲ್ಲ ಎಂಬುದು ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುತ್ತದೆ.

ಇನ್ನು ಮೂಳೆ. ಕುಂಭದೊಳಗಿನದನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಬೇಕು. ಹುಡುಕುವುದು ಮುಖ್ಯವಾಗಿ ಹಲ್ಲಿನ ಮೊಗ್ಗನ್ನು, ಎಂದರೆ ಒಸಡಿನಿಂದ ಇನ್ನೂ ಹೊರಬಾರದ, ಅಕ್ಕಿಕಾಳಿನಷ್ಟು ಚಿಕ್ಕ ಹಾಲುಹಲ್ಲನ್ನು. ಮಗು ಹುಟ್ಟಿದ ಆಘಾತಕ್ಕೆ ಹಲ್ಲಿನ ಎನಾಮೆಲ್‌ನಲ್ಲಿ ಒಂದು ಗೆರೆ ಮೂಡುತ್ತದೆ. ಅದು ಕಾಣುವಂತಾಗಲು ಮಗು ಒಂದೆರಡು ವಾರ ಬದುಕಿರಬೇಕು. ಗೆರೆ ಇದ್ದರೆ ಮಗು ಅಷ್ಟು ದಿನ ಉಸಿರಾಡಿತ್ತು ಎಂದಾಯಿತು. ಇಲ್ಲದಿದ್ದರೆ, ಹುಟ್ಟುವಾಗಲೇ ಸತ್ತಿತ್ತೇ? ಇಲ್ಲೇ ಜಗಳ.

1970ರ ದಶಕದಲ್ಲಿ ಲಾರೆನ್ಸ್ ಸ್ಟೇಗರ್ ತಂಡ ಹೊರತೆಗೆದ ಕುಂಭಗಳಲ್ಲಿ 348ನ್ನು ಜೆಫ್ರಿ ಶ್ವಾರ್ಟ್ಸ್ ಮತ್ತು ಸಂಗಡಿಗರು ಪರಿಶೀಲಿಸಿದರು. ಅವುಗಳಲ್ಲಿ 540 ಮಕ್ಕಳ ಅವಶೇಷಗಳನ್ನು ಎಣಿಸಿ, ಅನೇಕ ಶಿಶುಗಳು ಹುಟ್ಟುವ ಮೊದಲೇ ಅಥವಾ ಹುಟ್ಟಿದ ಕೂಡಲೇ ತೀರಿಕೊಂಡವು, ಇದು ಬಲಿಯ ಲೆಕ್ಕಕ್ಕೆ ಹೊಂದುವುದಿಲ್ಲ ಎಂದು 2010ರಲ್ಲಿ ಬರೆದರು. ಮರುವರ್ಷವೇ ಪೆಟ್ರೀಷಿಯಾ ಸ್ಮಿತ್, ಸ್ಟೇಗರ್ ಮೊದಲಾದವರು ಅದೇ ಅಗೆತದ ಸಾಮಗ್ರಿ ಮುಂದಿಟ್ಟು ಆಕ್ಷೇಪಿಸಿದರು: ಬೆಂಕಿಯಲ್ಲಿ ಹಲ್ಲು ಕುಗ್ಗುತ್ತದೆ, ಕುಗ್ಗಿದ ಹಲ್ಲನ್ನು ಅಳೆದರೆ ವಯಸ್ಸು ಕಡಿಮೆ ಬರುತ್ತದೆ, ಈ ಮಕ್ಕಳಲ್ಲಿ ಹೆಚ್ಚಿನವು ಒಂದೆರಡು ತಿಂಗಳು ಬದುಕಿದ್ದವು.

ನನ್ನ ಅಭಿಪ್ರಾಯ ಕೇಳಿದರೆ, ಹಲ್ಲಿಗಿಂತ ಕುರಿಮರಿ ಹೆಚ್ಚು ಮಾತಾಡುತ್ತದೆ. ಕೆಲವು ಕುಂಭಗಳಲ್ಲಿ ಕುರಿಮರಿ, ಆಡುಮರಿಯ ಮೂಳೆ ಮಾತ್ರ ಇವೆ. ಅವನ್ನೂ ಹಾಗೆಯೇ ಸುಟ್ಟು, ಅಂಥದೇ ಗಡಿಗೆಯಲ್ಲಿಟ್ಟು, ಅಲ್ಲೇ ಹೂಳಿದ್ದಾರೆ. ಬರಿಯ ಮಕ್ಕಳ ಸ್ಮಶಾನವಾಗಿದ್ದರೆ ಕುರಿಮರಿಗೇನು ಕೆಲಸ? ಕಲ್ಲುಗಳ ಬರಹವೂ ಶೋಕದ ಬರಹವಲ್ಲ. ತಾನಿತ್‌ಗೆ, ಅವರ ಇನ್ನೊಬ್ಬ ದೇವರು ಬಾಲ್ ಹಮ್ಮೋನ್‌ಗೆ ಹರಕೆ ಸಲ್ಲಿಸಿದ್ದು, ಏಕೆಂದರೆ ದೇವರು ತನ್ನ ದನಿ ಕೇಳಿದ ಎಂದು ಅಲ್ಲಿದೆ. ಇದು ಹರಕೆಯ ಜಾಗ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಈ ಒಂದು ಗಡಿಗೆಯ ಈ ಒಂದು ಮಗು ಹೇಗೆ ಸತ್ತಿತು ಎಂಬುದನ್ನು ಬೂದಿ ಹೇಳುವುದಿಲ್ಲ.

ವಸ್ತುಸಂಗ್ರಹಾಲಯದಲ್ಲಿ ಈ ಗಡಿಗೆಯನ್ನು ಇಡುವವರ ಕಷ್ಟ ಇದೇ. ಕ್ರಿ.ಪೂ. 310ರ ಮುತ್ತಿಗೆಯ ವೇಳೆ ಇನ್ನೂರು ಕುಲೀನ ಮಕ್ಕಳನ್ನು ಬಲಿಕೊಟ್ಟರೆಂದು ಗ್ರೀಕ್ ಇತಿಹಾಸಕಾರ ಡಿಯೊಡೋರಸ್ ಬರೆದ ಕಥೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಹಾಕಿದರೆ ಜನ ಗಡಿಗೆಯನ್ನು ನೋಡುವುದೇ ಇಲ್ಲ, ಕಥೆಯನ್ನು ನೋಡಿ ಹೋಗುತ್ತಾರೆ. ಕೆಂಪು ದೀಪ ಹಾಕಿದರಂತೂ ಮುಗಿಯಿತು. ನಾನಾಗಿದ್ದರೆ ಬಿಳಿ ಬೆಳಕಿನಲ್ಲಿ, ಮಕ್ಕಳ ಕಣ್ಣಿಗೂ ಎಟಕುವ ಎತ್ತರದಲ್ಲಿ, ಮಗುವಿನ ಕುಂಭವನ್ನೂ ಮರಿಯ ಕುಂಭವನ್ನೂ ಅಕ್ಕಪಕ್ಕ ಇಡುತ್ತೇನೆ. ಮೂಳೆಯನ್ನು ಹರಡಿ ತೋರಿಸುವುದಿಲ್ಲ. ಫಲಕದಲ್ಲಿ ಇಷ್ಟೇ ಬರೆಯುತ್ತೇನೆ: "ಅಸ್ಥಿಕುಂಭ, ಕಾರ್ತೇಜ್. ಒಳಗೆ ಸುಟ್ಟ ಶಿಶುವಿನ ಮೂಳೆ, ಎರಡು ಮಣಿ. ಹರಕೆಯ ನೆಲದಲ್ಲಿ ಹೂಳಿದ್ದು. ಸಾವಿನ ಕಾರಣ ತಿಳಿಯದು."